ಅನುವಾದಕರ ಹೆಸರು ಹಿಡಿದು ಹೊರಟರೆ

1980ರ ದಶಕದ ಆರಂಭದಲ್ಲಿ ಬೆಂಗಳೂರಿನ ನವಕರ್ನಾಟಕ ಪ್ರಕಾಶನ 25 ಸಂಪುಟಗಳ ಮಾಲೆಯೊಂದನ್ನು ಹೊರತಂದಿತು. ಹೆಸರು ‘ವಿಶ್ವಕಥಾಕೋಶ’. ಪ್ರಧಾನ ಸಂಪಾದಕರು ‘ಚಿರಸ್ಮರಣೆ’ಯ ನಿರಂಜನ. ಪಾರ್ಶ್ವವಾಯುವಿನಿಂದ ದೇಹ ಸೋತಿದ್ದ ಕಾಲದಲ್ಲಿ ಅವರು ಹೊತ್ತುಕೊಂಡ ಕೆಲಸ ಇದು. ಕನ್ನಡದ ಕಥೆಗಳಿರುವ ‘ಧರಣಿ ಮಂಡಲ ಮಧ್ಯದೊಳಗೆ’ ಎಂಬ ಸಂಪುಟದಿಂದ ಹೊರಟು ಈ ಮಾಲೆ ಏಷ್ಯ, ಆಫ್ರಿಕ, ಯುರೋಪ್, ಅಮೆರಿಕ ಖಂಡಗಳನ್ನೆಲ್ಲ ಸುತ್ತಿ ಬರುತ್ತದೆ. ಇಂಗ್ಲಿಷ್ ಓದಲು ಬಾರದ, ದೊಡ್ಡ ಪುಸ್ತಕದಂಗಡಿ ಕಾಣದ ಎಷ್ಟೋ ಜನ ತಮ್ಮೂರಿನ ಗ್ರಂಥಾಲಯದಲ್ಲಿ ಈ ಸಂಪುಟಗಳನ್ನು ಹಿಡಿದೇ ದೂರದೇಶದ ರೈತರನ್ನು, ಸೈನಿಕರನ್ನು, ವಿಧವೆಯರನ್ನು, ಗುಮಾಸ್ತರನ್ನು ಮೊದಲ ಸಲ ಭೇಟಿಯಾದರು.

ಗೊತ್ತಿಲ್ಲದ ದೇಶದ, ಗೊತ್ತಿಲ್ಲದ ಬಗೆಯ ಓದನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇವತ್ತಿಗೂ ಇದೇ: ಸಣ್ಣಕಥೆಯಿಂದ. ಹತ್ತು ಹನ್ನೆರಡು ಪುಟಕ್ಕೆ ಅರ್ಧ ಗಂಟೆ ಸಾಕು. ಹಿಡಿಸದಿದ್ದರೆ ಹೋದದ್ದು ಆ ಅರ್ಧ ಗಂಟೆ ಮಾತ್ರ. ಹಿಡಿಸಿದರೆ ಒಬ್ಬ ಲೇಖಕರ ಹೆಸರು ಕೈಗೆ ಬಂತು, ಅವರ ಕಾದಂಬರಿ ಹುಡುಕುವ ಹುಮ್ಮಸ್ಸೂ ಬಂತು. ವಿಶ್ವಕಥಾಕೋಶ ಮರುಮುದ್ರಣವಾಗಿದೆ, ಹಳೆಯ ಗ್ರಂಥಾಲಯಗಳಲ್ಲಿ ಬಿಡಿ ಸಂಪುಟಗಳು ಸಿಗುತ್ತವೆ. ಇನ್ನೂ ಚಿಕ್ಕದು ಬೇಕೆಂದರೆ ಎಸ್. ದಿವಾಕರ್ ಕನ್ನಡಕ್ಕೆ ತಂದ ‘ಜಗತ್ತಿನ ಅತಿ ಸಣ್ಣ ಕತೆಗಳು’ ಇದೆ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಒಂದು ದೇಶ ಮುಗಿಸಬಹುದು.

ಕಥೆ ಓದಿದ ಮೇಲೆ ಒಂದು ಕೆಲಸ ಮಾಡಿ. ನೋಟ್‌ಬುಕ್ಕಿನಲ್ಲಿ ಮೂರು ಹೆಸರು ಬರೆದುಕೊಳ್ಳಿ: ಲೇಖಕರದು, ಮೂಲ ಭಾಷೆಯದು, ಅನುವಾದಕರದು. ಮೊದಲೆರಡನ್ನು ಎಲ್ಲರೂ ಬರೆಯುತ್ತಾರೆ. ಮೂರನೆಯದನ್ನು ಬಿಡುತ್ತಾರೆ. ಒಳ್ಳೆಯ ಪುಸ್ತಕಗಳತ್ತ ಕರೆದೊಯ್ಯುವುದು ಹೆಚ್ಚಾಗಿ ಆ ಮೂರನೆಯ ಹೆಸರೇ.

ಕಾರಣ ಸರಳ. ‘ಓದಲೇಬೇಕಾದ ನೂರು ಪುಸ್ತಕ’ ಎಂಬ ಪಟ್ಟಿ ಮಾಡುವವರು ಆ ನೂರನ್ನೂ ಓದಿರಬೇಕೆಂದೇನಿಲ್ಲ. ಅನುವಾದಕರು ಮಾತ್ರ ಆ ಪುಸ್ತಕದ ಒಂದೊಂದು ವಾಕ್ಯದ ಜೊತೆಗೂ ತಿಂಗಳುಗಟ್ಟಲೆ ಕೂತಿರುತ್ತಾರೆ. ಕನ್ನಡದಲ್ಲಿ ಅನುವಾದದಿಂದ ಮನೆ ನಡೆಯುವುದಿಲ್ಲ. ಆದರೂ ಒಬ್ಬರು ನಾನೂರು ಐನೂರು ಪುಟದ ಪರಭಾಷೆಯ ಪುಸ್ತಕ ಎತ್ತಿಕೊಂಡರೆಂದರೆ ಅದನ್ನು ನಮಗೆ ಓದಿಸಲೇಬೇಕೆಂಬ ಹಟ ಅವರಿಗಿತ್ತು ಎಂದೇ ಅರ್ಥ. ಇದಕ್ಕಿಂತ ಗಟ್ಟಿಯಾದ ಶಿಫಾರಸು ಬೇರೆ ಯಾವುದಿದೆ?

ಬೇಟೆಯಿಂದ ಸಸ್ಯಶಾಸ್ತ್ರಕ್ಕೆ

ಪೂರ್ಣಚಂದ್ರ ತೇಜಸ್ವಿಯವರನ್ನೇ ತೆಗೆದುಕೊಳ್ಳಿ. ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲಿ ಬಾಳಿದ ಬೇಟೆಗಾರ ಲೇಖಕ. ಅವರ ಬರಹದ ಕಾಡುಗಳು ಬಹುಪಾಲು ನಮ್ಮ ಸುತ್ತಲಿನವೇ. ಆದರೂ ಆ ಬರಹಗಳು ಇಂಗ್ಲಿಷಿನಲ್ಲೇ ಉಳಿದಿದ್ದವು. ತೇಜಸ್ವಿ ಅವನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಮೇಲೆ ಅವು ಹೈಸ್ಕೂಲು ಹುಡುಗರ ಕೈಯಿಂದ ಕೈಗೆ ಓಡಾಡಿದವು. ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನೂ ಅವರೇ ಕರೆತಂದರು. ಫ್ರೆಂಚ್ ಕೈದಿ ಆನ್ರಿ ಶಾರಿಯೇರ್ ದಕ್ಷಿಣ ಅಮೆರಿಕದ ಜೈಲುಗಳಿಂದ ತಪ್ಪಿಸಿಕೊಂಡ ಕಥೆ ‘ಪ್ಯಾಪಿಲಾನ್’ ಮೂಲದಲ್ಲಿ ಪ್ರಕಟವಾದದ್ದು 1969ರಲ್ಲಿ. ಪ್ರದೀಪ ಕೆಂಜಿಗೆಯವರ ಜೊತೆ ಸೇರಿ ತೇಜಸ್ವಿ ಅದನ್ನೂ ಕನ್ನಡ ಮಾಡಿದರು.

ರೋಚಕತೆಗೆಂದು ಈ ಪುಸ್ತಕ ಹಿಡಿದ ಓದುಗರು ತೇಜಸ್ವಿಯ ಹೆಸರನ್ನು ಹಿಂಬಾಲಿಸಿದರೆ ಮುಂದೆ ಸಿಗುವುದು ‘ಕರ್ವಾಲೊ’. ಹಾರುವ ಓತಿಯೊಂದನ್ನು ಹುಡುಕುತ್ತ ಒಬ್ಬ ವಿಜ್ಞಾನಿ, ಒಬ್ಬ ರೈತ, ಜೇನು ಹಿಡಿಯುವ ಮಂದಣ್ಣ ಕಾಡು ಹೊಗುವ ಕಾದಂಬರಿ ಅದು. ಅಲ್ಲಿಗೆ ಬಂದವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಒಂದೇ ಹೆಜ್ಜೆ ದೂರ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ನೋಡಲು ಬೆಟ್ಟ ಹತ್ತಿದ ಪ್ರಾಧ್ಯಾಪಕರೊಬ್ಬರ ಬರಹ. ಸಸ್ಯಗಳ ಚಿತ್ರಗಳನ್ನು ಅವರೇ ಬರೆದಿದ್ದಾರೆ. ಸಸ್ಯಶಾಸ್ತ್ರದ ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿಂದ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ಗೆ, ಜಿ.ಟಿ. ನಾರಾಯಣರಾವ್ ಅವರ ಖಗೋಳದ ಪುಸ್ತಕಗಳಿಗೆ ದಾರಿ ತಾನಾಗಿ ತೆರೆಯುತ್ತದೆ. ನರಭಕ್ಷಕನ ಕಥೆ ಓದುತ್ತಿದ್ದ ಹುಡುಗ ನಾಲ್ಕು ಪುಸ್ತಕದೊಳಗೆ ವಿಜ್ಞಾನದ ಓದುಗನಾದ. ‘ಈಗ ವಿಜ್ಞಾನ ಓದು’ ಎಂದು ಹೇಳಿದ್ದರೆ ಅವನು ಓಡಿಹೋಗುತ್ತಿದ್ದ.

ಸ್ವತಃ ಸೃಜನಶೀಲ ಲೇಖಕರಾದವರು ಏನನ್ನು ಅನುವಾದಕ್ಕೆ ಎತ್ತಿಕೊಂಡರು ಎಂದು ಗಮನಿಸುವುದು ಇನ್ನೂ ಕುತೂಹಲದ ಕೆಲಸ. ಪಿ. ಲಂಕೇಶರು ಬೋದಿಲೇರನ ಕವಿತೆಗಳನ್ನು ‘ಪಾಪದ ಹೂಗಳು’ ಎಂದು ತಂದರು. ಸೊಫೋಕ್ಲಿಸನ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನೂ ತಂದರು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿಗೂ ಪ್ರಾಚೀನ ಗ್ರೀಸಿಗೂ ನಡುವೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿವೆ. ಎರಡನ್ನೂ ಒಟ್ಟಿಗೆ ಓದಿದರೆ ಲಂಕೇಶರ ಸ್ವಂತ ಕವಿತೆ, ನಾಟಕಗಳ ಬೇರು ಎಲ್ಲೆಲ್ಲಿ ಹರಡಿತ್ತು ಎಂದು ಕಾಣುತ್ತದೆ. ಯು.ಆರ್. ಅನಂತಮೂರ್ತಿ ಚೀನಾದ ಪ್ರಾಚೀನ ಗ್ರಂಥವನ್ನು ‘ದಾವ್ ದ ಜಿಂಗ್’ ಎಂದು ಕನ್ನಡಿಸಿದರು. ನಿಮಗೆ ಪ್ರಿಯವಾದ ಕನ್ನಡ ಲೇಖಕರು ಯಾರೇ ಇರಲಿ, ಅವರ ಕೃತಿಗಳ ಪಟ್ಟಿಯ ಕೊನೆಯಲ್ಲಿ ‘ಅನುವಾದ’ ಎಂಬ ಸಾಲು ಇದೆಯೇ ನೋಡಿ. ಬಹಳ ಜನರ ಪಟ್ಟಿಯಲ್ಲಿ ಇರುತ್ತದೆ.

ಬಂಜಗೆರೆ ಜಯಪ್ರಕಾಶ್ ಅಲೆಕ್ಸ್ ಹೇಲಿಯ ‘ರೂಟ್ಸ್’ ಕೃತಿಯನ್ನು ‘ತಲೆಮಾರು’ ಎಂದು ತಂದಿದ್ದಾರೆ. ಆಫ್ರಿಕದ ಗ್ಯಾಂಬಿಯಾದಿಂದ ಹಿಡಿದೊಯ್ದು ಅಮೆರಿಕದಲ್ಲಿ ಮಾರಿದ ಕುಂಟ ಕಿಂಟೆಯ ವಂಶದ ಕಥೆ. ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಸಿ. ನಾಗಣ್ಣ ಕನ್ನಡಕ್ಕೆ ತಂದರು. ಇಂಥ ಪುಸ್ತಕಗಳನ್ನು ಒಂಟಿಯಾಗಿ ಓದಬೇಡಿ ಎಂಬುದು ನನ್ನ ಸಲಹೆ. ಜೋಡಿ ಕಟ್ಟಿ ಓದಿ. ಅಚೆಬೆಯ ಇಗ್ಬೊ ಹಳ್ಳಿಗೆ ಮಿಷನರಿಗಳು ಬಂದಾಗ ಆಗುವುದನ್ನು ಓದಿದ ವಾರವೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆರೆಯಿರಿ. ಅಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಪಾದ್ರಿ ಬರುತ್ತಾನೆ, ಬೈಸಿಕಲ್ ಬರುತ್ತದೆ. ಹಳ್ಳಿಯ ಒಳಗೇ ಇದ್ದ ಬಿರುಕುಗಳು ಎರಡೂ ಕಡೆ ಹೇಗೆ ದೊಡ್ಡದಾಗುತ್ತವೆ ಎಂದು ಹೋಲಿಸುತ್ತ ಹೋದರೆ ನೈಜೀರಿಯಾ ದೂರದ್ದು ಎನಿಸುವುದಿಲ್ಲ. ‘ತಲೆಮಾರು’ ಓದಿದವರು ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಪಕ್ಕದಲ್ಲಿಟ್ಟುಕೊಳ್ಳಲಿ.

ಮೊದಲು ನೆರೆಮನೆ

ಬೇರೆ ಸಂಸ್ಕೃತಿ ಎಂದ ಕೂಡಲೇ ನಮ್ಮ ಕಣ್ಣು ಲಂಡನ್ನಿಗೋ ರಷ್ಯಾಕ್ಕೋ ಹಾರುತ್ತದೆ. ಸೊಲ್ಲಾಪುರ, ಕಾಸರಗೋಡು, ಹೊಸೂರು ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಓದುಗರು ಮೊದಲು ಓದಬೇಕಾದ ‘ಹೊರಗಿನ’ ಸಾಹಿತ್ಯ ಮರಾಠಿ, ತೆಲುಗು, ತಮಿಳು, ಮಲಯಾಳಂ, ಉರ್ದುಗಳದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ. ಇದಕ್ಕೊಂದು ವ್ಯಾವಹಾರಿಕ ಕಾರಣವಿದೆ. ರಷ್ಯನ್, ಸ್ಪ್ಯಾನಿಶ್, ಜಪಾನಿ ಕೃತಿಗಳು ಕನ್ನಡಕ್ಕೆ ಬಹುಪಾಲು ಇಂಗ್ಲಿಷ್ ದಾಟಿಕೊಂಡು ಬರುತ್ತವೆ. ನೆರೆಭಾಷೆಯವು ನೇರವಾಗಿ ಬರುತ್ತವೆ, ಎರಡೂ ಭಾಷೆಯಲ್ಲಿ ಬದುಕಿದವರ ಕೈಯಿಂದ ಬರುತ್ತವೆ. ಮಾತಿನ ಸೊಗಡು ಕಡಿಮೆ ಸೋರುತ್ತದೆ.

ಕನ್ನಡ ಕಾದಂಬರಿಯ ಓದುಗವರ್ಗ ಹುಟ್ಟಿದ್ದೇ ಹೀಗೆ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ತಂದರು. ಆಮೇಲೆ ಎ.ಆರ್. ಕೃಷ್ಣಶಾಸ್ತ್ರಿಗಳು ‘ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ’ ಎಂಬ ಪುಸ್ತಕವನ್ನೇ ಬರೆದರು. ಅದಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಂಗಾಳದ ಬಗ್ಗೆ ಓದಲು ಹೊರಟವರಿಗೆ ಇವತ್ತಿಗೂ ಅದು ಒಳ್ಳೆಯ ಹೆಬ್ಬಾಗಿಲು.

ಮರಾಠಿಯ ದಲಿತ ಆತ್ಮಕಥನಗಳಿಗೆ ಬೇರೆಯೇ ತೂಕವಿದೆ. ದಯಾ ಪವಾರರ ‘ಬಲುತ’ 1978ರದ್ದು. ಅದರ ಬೆನ್ನಿಗೆ ಲಕ್ಷ್ಮಣ ಮಾನೆಯವರ ‘ಉಪರಾ’, ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’, ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ಬಂದವು. ಶಾಲೆಯ ಪಠ್ಯದಲ್ಲಿ ಕಾಣದ ಭಾರತ ಇವುಗಳಲ್ಲಿ ಇದೆ. ಮರಾಠಿಯಿಂದ ಬರುವ ಪುಸ್ತಕಗಳಿಗೆ ಚಂದ್ರಕಾಂತ ಪೋಕಳೆಯವರ ಹೆಸರನ್ನು, ಉರ್ದು ಹಿಂದಿಗಳಿಂದ ಬರುವವಕ್ಕೆ ರಾಮದುರ್ಗದ ಹಸನ್ ನಯೀಂ ಸುರಕೋಡರ ಹೆಸರನ್ನು, ತಮಿಳಿನವಕ್ಕೆ ಕೆ. ನಲ್ಲತಂಬಿಯವರ ಹೆಸರನ್ನು ಹುಡುಕಿ. ಮಲಯಾಳಂ ಕಡೆಯಿಂದ ಸಾರಾ ಅಬೂಬಕ್ಕರ್ ತಂದವು ಇವೆ. ನಲ್ಲತಂಬಿಯವರ ದಾರಿ ಎರಡೂ ಕಡೆ ತೆರೆದಿದೆ. ಎರಡನೆಯ ಮಹಾಯುದ್ಧದ ಕಾಲದ ಯಹೂದಿಗಳ ಸಂಕಟವನ್ನು ಬೆಂಗಳೂರಿಗೆ ಬೆಸೆದ ನೇಮಿಚಂದ್ರರ ಕನ್ನಡ ಕಾದಂಬರಿ ‘ಯಾದ್ ವಶೇಮ್’ ಅನ್ನು ಅವರು ತಮಿಳಿಗೆ ಕೊಂಡೊಯ್ದರು. 2022ರ ಸಾಹಿತ್ಯ ಅಕಾಡೆಮಿ ಅನುವಾದ ಬಹುಮಾನ ಅದಕ್ಕೇ ಸಂದದ್ದು.

ನೇಮಿಚಂದ್ರರ ಹೆಸರು ಬಂದದ್ದರಿಂದ ಪ್ರವಾಸಕಥನದ ಮಾತನ್ನೂ ಹೇಳಿಬಿಡುತ್ತೇನೆ. ಅನುವಾದವನ್ನೇ ನೆಚ್ಚಬೇಕಿಲ್ಲದ ದಾರಿ ಇದು. ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಇವೆಲ್ಲ ಕನ್ನಡದ ಕಣ್ಣಿನಿಂದ ಪರನಾಡನ್ನು ನೋಡಿದ ಪುಸ್ತಕಗಳು. ಒಂದು ದೇಶದ ಕಾದಂಬರಿ ಹಿಡಿಯುವ ಮೊದಲು ಇಂಥದ್ದೊಂದು ಓದಿದ್ದರೆ ಆ ನೆಲದ ಚಳಿ, ಊಟ, ಬೀದಿ ಕಣ್ಣ ಮುಂದೆ ಇರುತ್ತದೆ.

ಕಪಾಟಿನ ಸಂಖ್ಯೆ

ಗ್ರಂಥಾಲಯದ ಮಾತಿಗೆ ಬರೋಣ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಮನೆ ಕಂದಾಯ ಕಟ್ಟುವವರೆಲ್ಲ ಆಗಲೇ ದುಡ್ಡು ಕೊಟ್ಟಾಗಿದೆ; ಪುಸ್ತಕ ತರುವುದು ಬಾಕಿ. ಪೇಟೆಯ ಶಾಖಾ ಗ್ರಂಥಾಲಯವಿರಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವಿರಲಿ, ಪತ್ರಿಕೆ ಓದುವ ಮೇಜಿನಿಂದ ಎದ್ದು ಒಳಗಿನ ಕಪಾಟುಗಳವರೆಗೆ ನಡೆಯಿರಿ.

ಕಪಾಟಿನಲ್ಲಿ ಹುಡುಕಲು ಒಂದು ಉಪಾಯ ತಿಳಿದಿದ್ದರೆ ಕೆಲಸ ಸುಲಭ. ಅನೇಕ ಗ್ರಂಥಾಲಯಗಳು ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುತ್ತವೆ. ಪುಸ್ತಕದ ಬೆನ್ನ ಮೇಲೆ ಅಂಟಿಸಿದ ಚೀಟಿಯ ಸಂಖ್ಯೆ ಅದೇ. ಸಾಹಿತ್ಯಕ್ಕೆ 800ರ ಸಾಲು. ಅದರೊಳಗೆ ಕನ್ನಡಕ್ಕೆ 894.814, ತಮಿಳಿಗೆ 894.811, ಮಲಯಾಳಂಗೆ 894.812, ತೆಲುಗಿಗೆ 894.827. ಹಿಂದಿ 891.43, ಬಂಗಾಳಿ 891.44, ಮರಾಠಿ 891.46. ರಷ್ಯನ್ 891.7, ಜಪಾನಿ 895.6. ಫ್ರೆಂಚಿಗೆ 840ರ, ಸ್ಪ್ಯಾನಿಶ್‌ಗೆ 860ರ ಗುಂಪು. ಸ್ವಾರಸ್ಯ ಇರುವುದು ಇಲ್ಲಿ: ಈ ಪದ್ಧತಿಯಲ್ಲಿ ಅನುವಾದಗಳಿಗೆ ಮೂಲ ಭಾಷೆಯ ಸಂಖ್ಯೆಯೇ ಬೀಳುತ್ತದೆ. ಟಾಲ್‌ಸ್ಟಾಯ್ ಕನ್ನಡದಲ್ಲಿದ್ದರೂ ರಷ್ಯನ್ ಸಂಖ್ಯೆಯಲ್ಲೇ ಕೂತಿರುತ್ತಾನೆ. ಕನ್ನಡ ಕಾದಂಬರಿಗಳ ಸಾಲಿನಲ್ಲಿ ಹುಡುಕಿ ‘ಇಲ್ಲ’ ಎಂದು ಹಿಂದಿರುಗಿದವರು ಎರಡು ಕಪಾಟು ಆಚೆ ನೋಡಿದ್ದರೆ ಸಿಗುತ್ತಿತ್ತು. ಎಲ್ಲ ಕಡೆ ಜೋಡಣೆ ಹೀಗೇ ಕಟ್ಟುನಿಟ್ಟಾಗಿರುವುದಿಲ್ಲ, ಆದ್ದರಿಂದ ಗ್ರಂಥಪಾಲಕರನ್ನು ಕೇಳಿಬಿಡುವುದು ಒಳ್ಳೆಯದು.

ಕೇಳುವಾಗ ಪುಸ್ತಕದ ಹೆಸರು ಗೊತ್ತಿರಬೇಕೆಂದಿಲ್ಲ. ‘ಮೀನುಗಾರರ ಬದುಕಿನ ಮೇಲೆ ಏನಿದೆ?’, ‘ಹೆಂಗಸರು ಬರೆದ ಆತ್ಮಕಥೆ ಯಾವುದಿದೆ?’ ಎಂದರೂ ಸಾಕು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರಗಳನ್ನು ಕೊಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ದೊರಕಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರಕಬೇಕು ಎಂಬುದು ಅವುಗಳಲ್ಲಿ ಎರಡರ ಸಾರ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಇಲ್ಲದ ಪುಸ್ತಕವನ್ನು ತರಿಸಲು ಬರೆದು ಕೊಡಿ. ಓದುಗರು 
ಬಾಯಿಬಿಟ್ಟು ಕೇಳದ ಪುಸ್ತಕ ಖರೀದಿಯ ಪಟ್ಟಿಗೆ ಹತ್ತುವುದು ಕಷ್ಟ.

ಕೊಳ್ಳುವವರಿಗೆ ಎರಡು ಮಾತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು, ಚರ್ಚ್ ಸ್ಟ್ರೀಟ್‌ನ ಅಂಗಡಿಗಳು, ಗಾಂಧಿ ಬಜಾರಿನ ಅಂಕಿತ ಪುಸ್ತಕ, 1933ರಿಂದ ನಡೆದುಬಂದಿರುವ ಧಾರವಾಡದ ಮನೋಹರ ಗ್ರಂಥಮಾಲೆ ಇವೆಲ್ಲ ಹಲವರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಸೆಂಟ್ರಲ್ ಕಾಲೇಜು ಆವರಣದಲ್ಲಿರುವ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಾದೇಶಿಕ ಕಚೇರಿ. ಅಕಾಡೆಮಿ 24 ಭಾಷೆಗಳಲ್ಲಿ ಕೆಲಸ ಮಾಡುತ್ತದೆ, ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ಅನುವಾದ ಮಾಡಿಸುತ್ತದೆ, ಬೆಲೆಯೂ ಕೈಗೆಟುಕುವಂತಿರುತ್ತದೆ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟಿನ ‘ಆದಾನ ಪ್ರದಾನ’ ಮಾಲೆಯದೂ ಇದೇ ಕೆಲಸ. ಮಕ್ಕಳಿಗೆ ಜಪಾನಿನ ‘ತೊತ್ತೋಚಾನ್’ ಕೊಡಿಸಬೇಕೆಂದರೆ ಈ ಟ್ರಸ್ಟನ್ನೇ ವಿಚಾರಿಸಿ. ಹೆಗ್ಗೋಡಿನ ಅಕ್ಷರ ಪ್ರಕಾಶನ, ಗದುಗಿನ ಲಡಾಯಿ ಪ್ರಕಾಶನ, ಶಿವಮೊಗ್ಗದ ಅಹರ್ನಿಶಿ, ಬೆಂಗಳೂರಿನ ಅಭಿನವ, ಛಂದ ಪುಸ್ತಕದಂಥ ಸಣ್ಣ ಪ್ರಕಾಶಕರ ಪುಸ್ತಕಗಳನ್ನು ಒಂದೇ ಕಡೆ ನೋಡಲು ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಗದ್ದಲ ದಾಟಿ ಮೂಲೆಯ ಮಳಿಗೆಗಳಿಗೆ ಹೋಗಿ. ಮೇಜಿನ ಹಿಂದೆ ಕೂತವರು ಎಷ್ಟೋ ಸಲ ಪ್ರಕಾಶಕರೇ ಆಗಿರುತ್ತಾರೆ. ‘ನಿಮ್ಮ ಪ್ರಕಟಣೆಗಳಲ್ಲಿ ನಿಮಗೇ ಅತ್ಯಂತ ಇಷ್ಟವಾದದ್ದು ಯಾವುದು?’ ಎಂದು ಕೇಳಿ. ಉತ್ತರದಲ್ಲಿ ಬರುವ ಪುಸ್ತಕ ಮುಂಸಾಲಿನಲ್ಲಿ ಇಟ್ಟಿರುವುದೇ ಆಗಿರಬೇಕೆಂದಿಲ್ಲ.

ಪ್ರಶಸ್ತಿಯ ಹಿಂದೆ ಮುಂದೆ

ಪ್ರಶಸ್ತಿಗಳನ್ನು ತಿರಸ್ಕರಿಸುವುದೂ ಬೇಡ, ಕಣ್ಣು ಮುಚ್ಚಿ ನಂಬುವುದೂ ಬೇಡ. ಟಾಲ್‌ಸ್ಟಾಯ್‌ಗೆ ನೊಬೆಲ್ ಬರಲಿಲ್ಲ. ಭಾರತೀಯ ಭಾಷೆಯ ಲೇಖಕರಲ್ಲಿ ಅದು ಸಿಕ್ಕಿದ್ದು 1913ರಲ್ಲಿ ರವೀಂದ್ರನಾಥ ಠಾಕೂರರಿಗೆ ಮಾತ್ರ. ಹಾಗಾಗಿ ಪ್ರಶಸ್ತಿಯನ್ನು ಹುಡುಕಾಟದ ಮೊದಲ ಮೆಟ್ಟಿಲಾಗಿ ಬಳಸಿ, ತೀರ್ಪಾಗಿ ಬೇಡ.

2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಬಂತು. ಹನ್ನೆರಡು ಕಥೆಗಳ ಈ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಸಣ್ಣಕಥೆಗಳ ಸಂಕಲನಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. 50,000 ಪೌಂಡ್ ಬಹುಮಾನ ಲೇಖಕಿ, ಅನುವಾದಕಿ ಇಬ್ಬರಿಗೂ ಸಮಪಾಲು. ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು, ಸರಿ. ಹೆಮ್ಮೆಯ ಮುಂದಿನ ಹೆಜ್ಜೆ ಯಾವುದು? ಮೊದಲು ಆ ಕಥೆಗಳನ್ನು ಕನ್ನಡದಲ್ಲೇ ಓದುವುದು. ಆಮೇಲೆ ಅವರು ಯಾವ ಕಾಲದಿಂದ ಬಂದವರು ಎಂದು ನೋಡುವುದು. ಬಾನು ಬಂಡಾಯ ಚಳವಳಿಯಲ್ಲಿ ಬೆಳೆದವರು, ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ಆ ಹಾದಿಯಲ್ಲಿ ನಡೆದರೆ ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಗೀತಾ ನಾಗಭೂಷಣ, ದೇವನೂರ ಮಹಾದೇವ ಸಿಗುತ್ತಾರೆ. ಒಂದು ಪ್ರಶಸ್ತಿಯಿಂದ ಒಂದು ಇಡೀ ತಲೆಮಾರಿನ ಬರಹ ಕೈಗೆ ಬರುತ್ತದೆ. ಅದೇ ಬೂಕರಿನ ದೀರ್ಘ ಪಟ್ಟಿಯಲ್ಲಿ ಪ್ರತಿ ವರ್ಷ 13 ಪುಸ್ತಕಗಳಿರುತ್ತವೆ. ಗೆದ್ದದ್ದನ್ನು ಎಲ್ಲರೂ ಓದುತ್ತಾರೆ. ಇಂಗ್ಲಿಷ್ ಓದುವವರು ಗೆಲ್ಲದ ಹನ್ನೆರಡರಲ್ಲಿ ತಮಗೆ ಒಗ್ಗುವುದನ್ನು ಹುಡುಕಬಹುದು.

ನಮ್ಮ ಕೈಯಳತೆಯಲ್ಲೇ ಇರುವ ಇನ್ನೊಂದು ನಕ್ಷೆ ಸಾಹಿತ್ಯ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಪಟ್ಟಿ. ಪತ್ರಿಕೆಗಳಲ್ಲಿ ನಾವು ಕನ್ನಡದ ಹೆಸರು ನೋಡಿ ಪುಟ ತಿರುವುತ್ತೇವೆ. ಉಳಿದ ಭಾಷೆಗಳ ಹೆಸರುಗಳೂ ಅಲ್ಲೇ ಇರುತ್ತವೆ. 1989ರಿಂದ ಅನುವಾದಕ್ಕೆಂದೇ ಬೇರೆ ಬಹುಮಾನವಿದೆ. ಆ ಪಟ್ಟಿಯ ಕನ್ನಡದ ಸಾಲನ್ನು ಹಿಂದಿನ ವರ್ಷಗಳವರೆಗೆ ನೋಡುತ್ತ ಹೋದರೆ ಬೇರೆ ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ, ಒಮ್ಮೆ ಪರಿಣತರ ಕಣ್ಣಿಗೆ ಬಿದ್ದ ಪುಸ್ತಕಗಳ ಸಿದ್ಧ ಪಟ್ಟಿ ಸಿಗುತ್ತದೆ.

ಪಟ್ಟಿಗಳಿಗಿಂತ ಒಳ್ಳೆಯದು ಆಯಾ ನಾಡಿನವರನ್ನೇ ಕೇಳುವುದು. ಬ್ರಿಟನ್ನಿನ ಲೇಖಕಿ ಆ್ಯನ್ ಮಾರ್ಗನ್ 2012ರಲ್ಲಿ ಜಗತ್ತಿನ ಪ್ರತಿ ದೇಶದಿಂದ ಒಂದೊಂದು ಪುಸ್ತಕ ಓದಲು ಹೊರಟಾಗ ಮಾಡಿದ್ದು ಇದನ್ನೇ. ಸಾವೊ ತೊಮೆ ಎಂಬ ಪುಟ್ಟ ದ್ವೀಪರಾಷ್ಟ್ರದ ಪುಸ್ತಕ ಇಂಗ್ಲಿಷಿನಲ್ಲಿ ಸಿಗದಿದ್ದಾಗ ಅಪರಿಚಿತರು ಸೇರಿ ಒಂದನ್ನು ಪೋರ್ಚುಗೀಸಿನಿಂದ ಅವರಿಗಾಗಿಯೇ ಅನುವಾದ ಮಾಡಿಕೊಟ್ಟರು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಆಫೀಸಿನ ಸಹೋದ್ಯೋಗಿ, ಅಪಾರ್ಟ್‌ಮೆಂಟಿನ ಕಾವಲುಗಾರ, ಹೋಟೆಲಿನಲ್ಲಿ ದುಡಿಯುವ ಹುಡುಗ ಒಡಿಶಾದವರೋ ಅಸ್ಸಾಮಿನವರೋ ನೇಪಾಳದವರೋ ಆಗಿರಬಹುದು. ‘ನಿಮ್ಮೂರ ಶಾಲೆಯಲ್ಲಿ ಎಲ್ಲರೂ ಓದುವ ಕಥೆ ಯಾವುದು?’ ಎಂದು ಕೇಳಿ. ಒಡಿಶಾದವರ ಬಾಯಲ್ಲಿ ಫಕೀರಮೋಹನ ಸೇನಾಪತಿಯ ಹೆಸರು ಬರಬಹುದು. ಜಮೀನು ಕಬಳಿಸುವ ಜಮೀನ್ದಾರನ ಮೇಲೆ ಅವರು ಬರೆದ ‘ಛ ಮಾಣ ಆಠ ಗುಂಠ’ 1890ರ ದಶಕದ ಕಾದಂಬರಿ. ಅಸ್ಸಾಮಿನವರು ಇಂದಿರಾ ಗೋಸ್ವಾಮಿಯವರನ್ನು, ನೇಪಾಳದವರು ಪಾರಿಜಾತರ ‘ಶಿರೀಷಕೊ ಫೂಲ್’ ಅನ್ನು ಹೇಳಬಹುದು. ಪುಸ್ತಕದ ಹೆಸರಿನ ಜೊತೆ ಒಂದು ಸ್ನೇಹವೂ ಸಿಗುತ್ತದೆ.

ಕೊಳ್ಳುವ ಮೊದಲು, ಬಿಡುವ ಮೊದಲು

ಕೈಯಲ್ಲಿರುವ ಪುಸ್ತಕ ಒಳ್ಳೆಯದೋ ಅಲ್ಲವೋ ಎಂದು ಅಂಗಡಿಯಲ್ಲಿ ನಿಂತೇ ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಬೆನ್ನುಡಿ ನಂಬಬೇಡಿ, ಅಲ್ಲಿ ಹೊಗಳಿಕೆಯೇ ಇರುವುದು. ಮೊದಲ ಪುಟವನ್ನು ಲೇಖಕರೂ ಅನುವಾದಕರೂ ತುಂಬ ತಿದ್ದಿರುತ್ತಾರೆ. ನಡುವಿನಲ್ಲಿ ಇಬ್ಬರು ಮಾತಾಡುವ ಪುಟವೊಂದನ್ನು ತೆರೆಯಿರಿ. ಆ ಮಾತು ಬಾಯಲ್ಲಿ ಆಡುವಂತಿದ್ದರೆ ಅನುವಾದ ಗೆದ್ದಿದೆ. ಜಗಳವಾಡುವ ಗಂಡ ಹೆಂಡತಿ ಸರ್ಕಾರಿ ಸುತ್ತೋಲೆಯ ಭಾಷೆ ಆಡುತ್ತಿದ್ದರೆ ಪುಸ್ತಕ ಕೆಳಗಿಡಿ. ಅನುವಾದಕರ ಮುನ್ನುಡಿ ಇದೆಯೇ, ಯಾವ ಭಾಷೆಯಿಂದ ಮಾಡಿದ್ದು ಎಂದು ಒಳಪುಟದಲ್ಲಿ ಹೇಳಿದೆಯೇ ನೋಡಿ. ಮೂಲ ಲೇಖಕರ ಹೆಸರು ದೊಡ್ಡದಾಗಿದ್ದು ಅನುವಾದಕರ ಹೆಸರೇ ಇಲ್ಲದಿದ್ದರೆ ಎಚ್ಚರ. ಇತಿಹಾಸ, ಆರೋಗ್ಯ, ವಿಜ್ಞಾನದ ಪುಸ್ತಕವಾದರೆ ಮೂಲ ಪ್ರಕಟವಾದ ವರ್ಷ ನೋಡಿ, ಕೊನೆಯಲ್ಲಿ ಆಕರಗಳನ್ನು ಕೊಟ್ಟಿದ್ದಾರೆಯೇ ನೋಡಿ. ಒಂದೇ ಕೃತಿಗೆ ಎರಡು ಅನುವಾದವಿದ್ದರೆ ಒಂದೇ ಭಾಗವನ್ನು ಎರಡರಲ್ಲೂ ಓದಿ ಆರಿಸಿ. ‘ಯುದ್ಧ ಮತ್ತು ಶಾಂತಿ’ ದೇ. ಜವರೇಗೌಡರ ಕನ್ನಡದಲ್ಲೂ ಇದೆ, ಓ.ಎಲ್. ನಾಗಭೂಷಣಸ್ವಾಮಿಯವರ ಕನ್ನಡದಲ್ಲೂ ಇದೆ.

ಎಷ್ಟು ಓದಿ ಬಿಡಬಹುದು? ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ಲೆಕ್ಕ ಕೊಟ್ಟಿದ್ದಾರೆ. ಐವತ್ತು ಪುಟ ಓದಿ. ಆಗಲೂ ಹಿಡಿಸದಿದ್ದರೆ ಬಿಡಿ. ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಪತ್ತೇದಾರಿ, ಹಾಸ್ಯ, ನಮ್ಮದೇ ನಾಡಿನ ಕಾದಂಬರಿಗಳಿಗೆ ನಾನು ಇದನ್ನು ಒಪ್ಪುತ್ತೇನೆ. ದೂರದ ಸಂಸ್ಕೃತಿಯ ಪುಸ್ತಕಕ್ಕೆ ಇನ್ನಷ್ಟು ತಾಳ್ಮೆ ಬೇಕು. ಅಲ್ಲಿ ಮೊದಲ ಪುಟಗಳು ಬೇಸರ ತರಿಸುವುದಕ್ಕೆ ಹೆಚ್ಚಾಗಿ ಕಾರಣ ಹೆಸರುಗಳು. ರಷ್ಯನ್ ಕಾದಂಬರಿಯಲ್ಲಿ ಒಬ್ಬನಿಗೇ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮೇಲೆ ಮುದ್ದಿನ ಹೆಸರು. ರೋದಿಯಾನ್ ರೊಮಾನೊವಿಚ್ ರಸ್ಕೋಲ್ನಿಕಫ್ ತಾಯಿಗೆ ರೋದ್ಯಾ. ಮಾರ್ಕ್ವೆಜ್‌ನ ಮಹಾಕಾದಂಬರಿಯಲ್ಲಿ ಅವರೆಲಿಯಾನೊ, ಹೊಸೆ ಅರ್ಕಾದಿಯೊ ಎಂಬ ಹೆಸರುಗಳೇ ತಲೆಮಾರಿನಿಂದ ತಲೆಮಾರಿಗೆ ಮರುಕಳಿಸುತ್ತವೆ. ಅರ್ಜುನನನ್ನು ಪಾರ್ಥ, ಫಲ್ಗುಣ, ಕಿರೀಟಿ, ಸವ್ಯಸಾಚಿ, ಧನಂಜಯ ಎಂದು ಕರೆದರೂ ತಡವರಿಸದ ನಮಗೆ ಇದು ದಾಟಲಾಗದ ಹೊಳೆಯೇನಲ್ಲ. ಒಂದು ಚೀಟಿಯಲ್ಲಿ ಹೆಸರು, ಸಂಬಂಧ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ನೂರು ಪುಟ ದಾಟಿದ ಮೇಲೆ ಆ ಚೀಟಿ ಬೇಕಾಗುವುದಿಲ್ಲ.

ಜನಪ್ರಿಯ ಪ್ರಕಾರಗಳನ್ನು ಕೀಳು ಎಂದು ಬದಿಗಿಡುವವರ ಮಾತು ಕೇಳಬೇಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಾವಿರಾರು ಕನ್ನಡಿಗರಿಗೆ ಓದುವ ಚಟ ಹತ್ತಿಸಿದ. ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳು, ತೆಲುಗಿನಿಂದ ಬಂದ ಯಂಡಮೂರಿ ಕಾದಂಬರಿಗಳು ಕೂಡ ಅದೇ ಕೆಲಸ ಮಾಡಿವೆ. ಏನು ಓದಬೇಕೆಂದು ತೋಚದ ದಿನ ‘ಕಸ್ತೂರಿ’ ಮಾಸಪತ್ರಿಕೆಯ ಹಳೆಯ ಸಂಚಿಕೆ ಸಿಕ್ಕರೆ ಕೊನೆಯ ಪುಸ್ತಕ ವಿಭಾಗ ನೋಡಿ. ದೊಡ್ಡ ಪುಸ್ತಕವೊಂದರ ಸಂಗ್ರಹರೂಪ ಅಲ್ಲಿರುತ್ತದೆ.

ಊರಲ್ಲಿ ಅಂಗಡಿಯಿಲ್ಲದವರಿಗೂ ಹೊರದೇಶದಲ್ಲಿರುವ ಕನ್ನಡಿಗರಿಗೂ ಈಗ ಫೋನೇ ಕಪಾಟು. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಕೃತಿಗಳು ಹಕ್ಕುಸ್ವಾಮ್ಯದಿಂದ ಮುಕ್ತವಾಗುತ್ತವೆ. ವೆಂಕಟಾಚಾರ್ಯ, ಗಳಗನಾಥ, ಪಂಜೆ ಮಂಗೇಶರಾಯ, ಕೈಲಾಸಂ ಇವರನ್ನೆಲ್ಲ ಕಾಸು ಕೊಡದೆ ಕಾನೂನುಬದ್ಧವಾಗಿ ಓದಬಹುದು. ಕನ್ನಡ ವಿಕಿಸೋರ್ಸ್‌ನಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಸ್ಕ್ಯಾನ್ ಪ್ರತಿಗಳಲ್ಲೂ ಹುಡುಕಿ. ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೊಸ ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಇ-ಪುಸ್ತಕ, ಕೇಳುಪುಸ್ತಕದ ಆ್ಯಪ್‌ಗಳಿವೆ. ಬದುಕಿರುವ ಲೇಖಕರ ಪುಸ್ತಕದ ಕದ್ದ ಪಿಡಿಎಫ್ ವಾಟ್ಸ್‌ಆ್ಯಪಿನಲ್ಲಿ ಬಂದರೆ ಅಳಿಸಿಬಿಡಿ. ಕೆಲವೇ ನೂರು ಪ್ರತಿ ಅಚ್ಚು ಹಾಕಿಸುವ ಪ್ರಕಾಶಕರಿಗೆ ಐವತ್ತು ಪ್ರತಿ ಮಾರಾಟವಾಗದಿದ್ದರೂ ಮುಂದಿನ ಅನುವಾದ ನಿಲ್ಲುತ್ತದೆ.

ಕೊನೆಗೆ ಒಂದು ಕೋರಿಕೆ. ಓದಿ ಮೆಚ್ಚಿದ ಅನುವಾದದ ಬಗ್ಗೆ ಪ್ರಕಾಶಕರಿಗೆ ನಾಲ್ಕು ಸಾಲು ಬರೆಯಿರಿ, ಮತ್ತು ಆ ಪುಸ್ತಕವನ್ನು ಯಾರಿಗೆ ಹೇಳಿದರೂ ಲೇಖಕರ ಹೆಸರಿನ ಜೊತೆಗೇ ಅನುವಾದಕರ ಹೆಸರನ್ನೂ ಹೇಳಿ.